ಸಹನಾ ಸಜ್ಜುಗೊಳಿಸಿದ ಕೋಣೆ

ಹರಿಹರದ ಮನೆಯಿಂದ ದಾವಣಗೆರೆಯ ರಕ್ತಪರೀಕ್ಷಾ ಲ್ಯಾಬಿಗೆ ಸಹನಾ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಚೀಟಿ ಅಂಟಿಸದ ಸೀಸೆಯನ್ನು ಕೈಯಿಂದ ಕೆಳಗಿಡಬಾರದು ಎಂಬುದು ಲ್ಯಾಬಿನಲ್ಲಿ ಅವಳು ಕಲಿತ ಮೊದಲ ಪಾಠ. ಅದು ಮನೆಗೂ ಬಂದಿದೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ ಇದೆ. "ಉಪ್ಪು ಅಂತ ಬರೀದಿದ್ರೆ ಅದು ಸಿಹಿ ಆಗ್ತಿತ್ತೇನವ್ವ?" ಎಂದು ಅತ್ತೆ ಗಿರಿಯಮ್ಮ ಆಗಾಗ ಕೇಳುವುದುಂಟು.

ಗಂಡ ಮಾಲತೇಶ್ ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್. ಮದುವೆಯಾಗಿ ಹನ್ನೊಂದು ವರ್ಷ. ನಾಲ್ಕು ವರ್ಷ ಚಿಕಿತ್ಸೆ ಪಡೆದರು, ಆಮೇಲೆ ಸಾಕೆಂದು ನಿಲ್ಲಿಸಿದರು. ಕಳೆದ ದೀಪಾವಳಿ ಮುಗಿದ ವಾರ ಮಗುವನ್ನು ದತ್ತು ಪಡೆಯುವುದೆಂದು ತೀರ್ಮಾನಿಸಿ ಗಿರಿಯಮ್ಮನಿಗೆ ಹೇಳಿದರು. ಆಕೆ ಅಕ್ಕಿ ಆರಿಸುತ್ತಿದ್ದರು. "ಆಗ್ಲಿ" ಎಂದಷ್ಟೇ ಹೇಳಿ ಮತ್ತೆ ಮೊರದ ಕಡೆ ಬಗ್ಗಿದರು. ಆ ಒಂದು ಮಾತು ಒಪ್ಪಿಗೆಯೋ ಬೇಸರವೋ ಎಂಬುದು ಸಹನಾಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಅರ್ಜಿ ಹಾಕಿದ ಮೇಲೆ ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ವರದಿ ಚೆನ್ನಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ಆ ಭೇಟಿಗಾಗಿ ಇಬ್ಬರೂ ಎರಡು ತಿಂಗಳು ತಯಾರಾದರು. ಮಾಲತೇಶ್ ಮೇಜು, ಮಂಚ, ಕಿಟಕಿಯ ಮೂಲೆಗಳನ್ನೆಲ್ಲ ಅರದಿಂದ ಉಜ್ಜಿ ದುಂಡಗೆ ಮಾಡಿದ. ಸಹನಾ ಚಿಕ್ಕ ಕೋಣೆಯಲ್ಲಿ ತೊಟ್ಟಿಲು, ಹೊಸ ಬಟ್ಟೆ, ಚಿತ್ರದ ಪುಸ್ತಕಗಳನ್ನು ಜೋಡಿಸಿದಳು. ಮಗು ಎಷ್ಟು ತಿಂಗಳದು ಬರುವುದೋ ಗೊತ್ತಿಲ್ಲವಾದ್ದರಿಂದ ಒಂದೊಂದು ವಯಸ್ಸಿಗೂ ಒಂದೊಂದು ಪೆಟ್ಟಿಗೆ ಮಾಡಿ ಚೀಟಿ ಅಂಟಿಸಿದಳು.

ಭೇಟಿಯ ದಿನ, ಶನಿವಾರ ಬೆಳಗ್ಗೆ ಮಾಲತೇಶ್ ದಾಖಲೆಗಳ ಜೆರಾಕ್ಸ್ ಮಾಡಿಸಲು ಹೋದ. ಸಹನಾ ಬಸ್ ನಿಲ್ದಾಣಕ್ಕೆ ಹೋಗಿ ಸಮಾಜ ಕಾರ್ಯಕರ್ತೆ ಸುಧಾ ಅವರನ್ನು ಕರೆತಂದಳು. ಮುಕ್ಕಾಲು ಗಂಟೆ ಹಿಡಿಯಿತು. ಚಹಾ ಆದ ಮೇಲೆ, "ಇದು ಮಗುವಿನ ಕೋಣೆ" ಎಂದು ಬಾಗಿಲು ತೆರೆದಳು.

ಕೋಣೆಯಲ್ಲಿ ಒಂದು ಜೋಳದ ಚೀಲ ಇತ್ತು. ಮತ್ತೇನೂ ಇರಲಿಲ್ಲ.

ಸಹನಾ ಬಾಗಿಲ ಚಿಲಕ ಹಿಡಿದೇ ನಿಂತಳು. ಆಗಷ್ಟೇ ಬಂದಿದ್ದ ಮಾಲತೇಶ್ ಜೆರಾಕ್ಸ್ ಹಾಳೆಗಳೊಂದಿಗೆ ಅವಳ ಹಿಂದೆ ನಿಂತ. ಸುಧಾ ಗಿರಿಯಮ್ಮನ ಕಡೆ ತಿರುಗಿದರು.

"ಅಮ್ಮಾ, ಮಗುವಿಗೆ ಅಂತ ಏನೂ ತಂದಿಲ್ವಾ?"

"ಇಲ್ರಿ. ಏನೂ ತಂದಿಲ್ಲ."

"ಒಂದು ಅಂಗಿನೂ?"

"ಒಂದು ದಾರದ ಎಳೇನೂ ಇಲ್ಲ," ಎಂದರು ಗಿರಿಯಮ್ಮ ಗಟ್ಟಿಯಾಗಿ.

ಸುಧಾ ಏನನ್ನೋ ಬರೆದುಕೊಂಡರು. ಹನ್ನೊಂದು ವರ್ಷ ಆ ಪೆನ್ನಿನ ತುದಿಯಲ್ಲಿ ಮುಗಿದುಹೋಯಿತೆಂದು ಸಹನಾಗೆ ಅನ್ನಿಸಿತು.

"ನೇರವಾಗಿ ಕೇಳ್ತೀನಿ ಅಮ್ಮಾ. ಮಗು ಬರೋದು ನಿಮಗೆ ಇಷ್ಟ ಇಲ್ವಾ?"

ಗಿರಿಯಮ್ಮನ ಮುಖ ಕೆಂಪಾಯಿತು. "ಹಂಗಂತ ಯಾರಂದ್ರು? ಬರೋಕ್ ಮುಂಚೆ ತೊಟ್ಲು ಕಟ್ತಾರೇನ್ರಿ ಯಾರಾದ್ರೂ? ಬಸುರಿ ಮನ್ಯಾಗ ಖಾಲಿ ತೊಟ್ಲು ತೂಗಿದ್ರೆ ಕೂಸಿಗೆ ಒಳ್ಳೇದಲ್ಲ. ಇವ್ಳಿಗೆ ಹೇಳಿದ್ರೆ ವಿಜ್ಞಾನ ಹೇಳ್ತಾಳೆ. ಅದಕ್ಕೇ ಇಬ್ರೂ ಹೊರಗ ಹೋದಾಗ ಸಾಗಿಸಿಬಿಟ್ಟೆ."

"ಎಲ್ಲಿಗೆ?"

ಗಿರಿಯಮ್ಮ ಪಕ್ಕದ ಮನೆಯತ್ತ ಕಣ್ಣು ಹೊರಳಿಸಿದರು.

ಎಲ್ಲರೂ ಅಲ್ಲಿಗೆ ಹೋದಾಗ ಆ ಮನೆಯ ರಹಮತ್ ಬೀ ಬಾಗಿಲಿಗೆ ಅಡ್ಡ ನಿಂತರು. "ನಮ್ಮನ್ಯಾಗ ಏನೂ ಇಲ್ರಿ ಮೇಡಮ್."

"ಬಿಡೇ ರಹಮತ್, ನಾನೇ ಹೇಳೀನಿ," ಎಂದರು ಗಿರಿಯಮ್ಮ.

"ಅರೆ, ಯಾರಿಗೂ ಹೇಳಬ್ಯಾಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡು, ಈಗ ನೀನೇ ಬಾಯಿ ಬಿಟ್ಟೀಯಲ್ಲ ಅಕ್ಕಾ!"

ಒಳಗೆ ಎಲ್ಲವೂ ಇತ್ತು. ತೊಟ್ಟಿಲ ಮೇಲೆ ಹಾಸಿಗೆಯ ಹೊದಿಕೆ ಮುಚ್ಚಿತ್ತು, ಪೆಟ್ಟಿಗೆಗಳು ವಯಸ್ಸಿನ ಕ್ರಮದಲ್ಲೇ ಇದ್ದವು. ಸುಧಾ ಒಂದೊಂದನ್ನೇ ನೋಡಿದರು. ಕೊನೆಯಲ್ಲಿ, ಚೀಟಿಯಿಲ್ಲದ ಒಂದು ಗಂಟು ಸಿಕ್ಕಿತು.

"ಇದು ನನ್ನದಲ್ಲ," ಎಂದಳು ಸಹನಾ.

"ನಂದು," ಎಂದರು ಗಿರಿಯಮ್ಮ.

ಗಂಟಿನಲ್ಲಿ ಹಳೆಯ ಬಟ್ಟೆಗಳಿದ್ದವು. ಒಗೆದು ಒಗೆದು ಮೆತ್ತಗಾದ ಜುಬ್ಬ, ಕುಲಾವಿ, ಕೌದಿ. ಕೂಸಿಗೆ ಮೊದಲು ಹೊಸದು ಹಾಕಬಾರದು, ಚೆನ್ನಾಗಿ ಬೆಳೆದ ಮಕ್ಕಳು ತೊಟ್ಟದ್ದನ್ನೇ ಹಾಕಬೇಕೆಂಬುದು ಆಕೆ ನಂಬಿದ ಪದ್ಧತಿ. ಅದಕ್ಕಾಗಿ ದೀಪಾವಳಿಯಿಂದ ಮನೆಮನೆ ಸುತ್ತಿದ್ದರು. ಕೊಕ್ಕನೂರಿಗೆ ಎರಡು ಸಲ ಹೋಗಿ ತಂಗಿ ಅಂಜಿನವ್ವನ ಮೊಮ್ಮಕ್ಕಳ ಅಂಗಿಗಳನ್ನು ತಂದಿದ್ದರು. ಮೇಲಿದ್ದ ಹಳದಿ ಫ್ರಾಕು ರಹಮತ್ ಬೀ ಅವರ ಮಗಳು ಬುಷ್ರಾದು. "ಈಗ ಫಾರ್ಮಸಿ ಓದ್ತೈತೆ ಹುಡ್ಗಿ. ಒಂದಿನ ಜ್ವರ ಅಂತ ಮಲಗಿದ್ದಿಲ್ಲ," ಎಂದು ರಹಮತ್ ಬೀ ಫ್ರಾಕನ್ನು ಎತ್ತಿ ತೋರಿಸಿದರು.

ದೀಪಾವಳಿಯಿಂದ ಎಂದರೆ ಐದು ತಿಂಗಳು. ಸಹನಾ ಲೆಕ್ಕ ಹಾಕಿ ನೆಲದ ಮೇಲೆ ಕುಳಿತುಬಿಟ್ಟಳು. ಅತ್ತೆ ತನ್ನನ್ನು ಅಷ್ಟು ದಿನದಿಂದ ಬಸುರಿಯೆಂದೇ ನೋಡಿಕೊಂಡಿದ್ದರು.

"ಅಳಬ್ಯಾಡೇ, ಮೇಡಮ್ ಬರ್ಕೊಂಬಿಡ್ತಾರೆ," ಎಂದರು ಗಿರಿಯಮ್ಮ.

ಸುಧಾ ಹಿಂದೆ ಬರೆದ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದರು. ಅಷ್ಟರಲ್ಲಿ ಗಿರಿಯಮ್ಮನೇ ಪ್ರಶ್ನೆ ಹಾಕಿದರು: "ನಿಮ್ಮಲ್ಲಿಂದ ಕೂಸು ಕೊಡುವಾಗ ಹಳೇ ಬಟ್ಟೆ ತೆಗೆದಿಟ್ಕೊಂಡು ಕಳಿಸ್ತೀರೇನ್ರಿ? ಹಂಗ ಮಾಡಬ್ಯಾಡ್ರಿ. ಅಲ್ಲಿ ಹೊದ್ದದ್ದೂ ಜೊತೆಗೆ ಬರ್ಲಿ. ಹೊಸಾ ಮನ್ಯಾಗ ಅದಕ್ಕೆ ಗುರುತಿರೋ ವಾಸನಿ ಒಂದಾದ್ರೂ ಇರಬೇಕಲ್ಲ?"

"ಇದನ್ನ ನಾವು ತರಬೇತಿಯಲ್ಲಿ ಹೇಳ್ಕೊಡ್ತೀವಿ ಅಮ್ಮಾ," ಎಂದು ಸುಧಾ ನಕ್ಕರು.

ಒಂಬತ್ತನೆಯ ದಿನ ಸಂಜೆ, ದಾವಣಗೆರೆಯಿಂದ ಹೊರಟ ಬಸ್ಸಿನಲ್ಲಿ ಸಹನಾಳ ಫೋನಿಗೆ ಸಂದೇಶ ಬಂತು. ವರದಿ ಒಪ್ಪಿಗೆಯಾಗಿತ್ತು. ಮನೆಯಲ್ಲಿ ಓದಿ ಹೇಳಿದಾಗ ಗಿರಿಯಮ್ಮ ಕೇಳಿದರು: "ಇನ್ನೆಷ್ಟು ದಿನ?"

"ಸರದಿ ಇದೆ ಅತ್ತೆ. ಮೂರು ವರ್ಷವೂ ಆಗಬಹುದು."

"ಆನಿಗೇ ಮರಿ ಹಾಕೋಕ್ ಎರಡು ವರ್ಷ ಬೇಕಂತೆ."

"ಇಪ್ಪತ್ತೆರಡು ತಿಂಗಳು," ಎಂದು ಸಹನಾ ತಿದ್ದಿದಳು.

"ಹಂಗಾದ್ರೆ ಆನಿಗಿಂತ ದೊಡ್ಡದೇ ಬರ್ತೈತೆ ಬಿಡು," ಎಂದ ಗಿರಿಯಮ್ಮ ಒಳಗೆ ಹೋಗಿ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ತಂದು ಹಾಕಿದರು. "ಉಣ್ಣು. ಇಂಥ ಹೊತ್ತಿನಾಗ ಹಸಿದಿರಬಾರ್ದು."