ಧಾರೆ ಸೀರೆಯ ಸೆರಗು ಮತ್ತು ಮಳವಳ್ಳಿಯ ಸ್ಪೆಕ್ಯುಲಮ್

ಮುಟ್ಟಿನ ದಿನಗಳು ಮುಗಿದರೂ ರಕ್ತ ನಿಲ್ಲಲಿಲ್ಲ. ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಎರಡನೆಯ ತಿಂಗಳು ಬ್ಲಫ್‌ನ ಪವರ್ ಸ್ಟೇಷನ್ ಕ್ವಾರ್ಟರ್ಸಿನ ನಲ್ಲಿಯ ಹತ್ತಿರ ಕೊಡ ಎತ್ತುವಾಗ ಕಣ್ಣು ಕತ್ತಲೆ ಬಂತು. ನಮ್ಮಮ್ಮ ಹೋದದ್ದೂ ಹೀಗೆ ರಕ್ತ ಹೋಗಿಯೇ. ಪವರ್ ಸ್ಟೇಷನ್ನಿನಲ್ಲಿ ಫಿಟ್ಟರ್ ಆಗಿರುವ ನನ್ನ ಯಜಮಾನರು ರಜೆ ಹಾಕಿ ಮಳವಳ್ಳಿ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿಗೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ನನಗಿಂತ ಚಿಕ್ಕವರು. ಒಳಗೆ ನೋಡಬೇಕು ಎಂದು ಸ್ಪೆಕ್ಯುಲಮ್ ತೆಗೆದರು. ಎರಡು ನಾಲಿಗೆಯ ಲೋಹದ ಸಾಧನ. ತಣ್ಣಗಿತ್ತು. ನಾಲಿಗೆಗಳು ತೆರೆದುಕೊಳ್ಳುವಾಗ ಮಾಂಸವನ್ನು ಚಿವುಟಿತು.

ನಾನು ಡಾಕ್ಟರನ್ನು ಒದ್ದೆ.

ಪರೀಕ್ಷೆ ಅರ್ಧಕ್ಕೆ ನಿಂತಿತು. ನೋಡದೆ ಔಷಧಿ ಕೊಡಲಾರೆ ಎಂದರು ಅವರು. ಸತ್ತರೂ ಇನ್ನೊಮ್ಮೆ ಆ ಟೇಬಲ್ ಹತ್ತುವುದಿಲ್ಲ ಎಂದೆ ನಾನು. ಆಗ ಅವರು ಬೆಂಚಿನ ಮೇಲಿದ್ದ ಯಜಮಾನರನ್ನು ಕರೆದರು. "ಇದು ಹಳೇದು, ಅಂಚೆಲ್ಲ ಒರಟು. ಯುದ್ಧ ಮುಗಿಯೋವರೆಗೆ ಹೊಸದು ಬರಲ್ಲ. ನೀವು ಫಿಟ್ಟರ್ ಅಂತೆ. ಇದನ್ನ ಸರಿ ಮಾಡೋಕಾಗುತ್ತಾ?"

ನನ್ನ ಎರಡನೆಯ ಕಾಯಿಲೆ ಅಲ್ಲಿಂದ ಶುರುವಾಯಿತು. ಹೊಟ್ಟೆಕಿಚ್ಚು.

ಯಜಮಾನರು ಡ್ಯೂಟಿ ಮುಗಿಸಿ ಬಂದವರೇ ಮೆಟ್ಟಿಲ ಮೇಲೆ ಕೂತು ಆ ಸಾಧನಕ್ಕೆ ಅರ ಹಾಕುವುದು, ಎಮರಿ ಕಾಗದದಲ್ಲಿ ಉಜ್ಜುವುದು. ಭಾನುವಾರ ಬಂದರೆ ಬಿಳಿ ಷರಟು ತೊಟ್ಟು ಮಳವಳ್ಳಿ ಬಸ್ಸು.

"ಡಾಕ್ಟ್ರಮ್ಮ ಏಳ್ತಿದ್ರು, ನಾಲ್ಗೆ ಇನ್ನೂ ಸಣ್ಣಕ್ಕಾಗ್ಬೇಕಂತೆ. ಸ್ಕ್ರೂ ನಿಧಾನಕ್ಕೆ ತಿರುಗ್ಬೇಕಂತೆ."

ಹನ್ನೊಂದು ವರ್ಷದ ಸಂಸಾರದಲ್ಲಿ ಇವರು ನನ್ನ ಹತ್ತಿರ ಇಷ್ಟು ಮಾತಾಡಿದ್ದಿಲ್ಲ. ನೋವು ತಿಂದವಳು ನಾನು. ಎಲ್ಲಿ ನೋವಾಯಿತು ಎಂದು ಇವರು ಕೇಳಲು ಹೋಗುತ್ತಿದ್ದದ್ದು ಡಾಕ್ಟರನ್ನು! ಹೆಂಗಸರ ವಿಷಯವನ್ನು ಗಂಡ ಹೆಂಡತಿಯ ಹತ್ತಿರ ಕೇಳಬಾರದು, ಡಾಕ್ಟರ ಹತ್ತಿರ ಕೇಳಬಹುದು, ಇದು ನಮ್ಮ ಮನೆಯ ಮರ್ಯಾದೆ. ಆ ಬಿಳಿ ಷರಟಿಗೆ ಇಸ್ತ್ರಿ ಹಾಕಿಕೊಟ್ಟವಳೂ ನಾನೇ ಎಂಬುದು ಇವತ್ತಿಗೂ ಉರಿಯುತ್ತದೆ. ರಕ್ತ ಮಾತ್ರ ಹೋಗುತ್ತಲೇ ಇತ್ತು.

ನಾಲ್ಕನೆಯ ಭಾನುವಾರ ಯಜಮಾನರು ಹೊರಟು ನಿಂತು ಹೇಳಿದರು: "ಮುಗೀತು ಕಣಮ್ಮಿ. ಗಾಜ್ನಂಗೆ ನುಣ್ಣಗಾಗದೆ. ಓದ್ವಾರ ಡಾಕ್ಟ್ರಮ್ಮನೂ ಕೈಯಾಡ್ಸಿ ಒಪ್ಕಂಡವ್ರೆ."

"ಇಲ್ ಕೊಡಿ."

"ನಿಂಗೇನ್ ಗೊತ್ತಾದದು?"

"ಅದು ಓಗಿದ್ದು ಯಾರೊಳಕ್ಕೆ? ನಿಮ್ ಡಾಕ್ಟ್ರಮ್ಮನ್ ಒಳಕ್ಕಾ?"

ತೆಪ್ಪಗೆ ಕೊಟ್ಟರು. ಪೆಟ್ಟಿಗೆಯಿಂದ ಧಾರೆಯ ರೇಷ್ಮೆ ಸೀರೆ ತೆಗೆದು, ಸೆರಗನ್ನು ಅದರ ಮೇಲೆ ಮೆಲ್ಲಗೆ ಎಳೆದೆ. ಕೀಲಿನ ಹತ್ತಿರ ಸೆರಗು ನಿಂತಿತು. ಒಂದು ಎಳೆ ಸಿಕ್ಕಿಕೊಂಡಿತ್ತು. ಅವರು ಅಲ್ಲೇ ಮೂರು ಸಲ ಬೆರಳಾಡಿಸಿದರು, ಏನೂ ತಿಳಿಯಲಿಲ್ಲ. ಹದಿನೈದು ವರ್ಷ ಅರ ಹಿಡಿದು ಜಡ್ಡುಗಟ್ಟಿದ ಬೆರಳು. ಡಾಕ್ಟರು ಮುಟ್ಟಿ ನೋಡಿದ್ದು ಗ್ಲೌಸ್ ಹಾಕಿಕೊಂಡು.

ಅವರು ಮತ್ತೆ ಮೆಟ್ಟಿಲ ಮೇಲೆ ಕೂತರು. ತಲೆ ಎತ್ತದೆ ಕೇಳಿದರು: "ಇಲ್ಲೇಯಾ ಚುಚ್ಚಿದ್ದು?"

"ಊಂ."

"ಇನ್ನೆಲ್ಲಿ?"

ಹೇಳಿದೆ. ನಾಚಿಕೆಯಿಂದ ಮೈ ಬೆವರಿತು, ಆದರೂ ಒಂದೊಂದಾಗಿ ಎಲ್ಲ ಹೇಳಿದೆ. ಅಂದಿನ ಮಳವಳ್ಳಿ ಬಸ್ಸು ಅವರನ್ನು ಬಿಟ್ಟು ಹೋಯಿತು. ನನಗೆ ಹಬ್ಬವಾದಷ್ಟು ಖುಷಿ.

ಮುಂದಿನ ವಾರ ನಾನಾಗಿಯೇ ಟೇಬಲ್ ಹತ್ತಿದೆ. ಡಾಕ್ಟರು ಅದನ್ನು ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿಕೊಂಡರು. ಬಿಗಿಯಾಯಿತು, ಚಿವುಟಲಿಲ್ಲ. ಪಾಲಿಪ್, ಸಣ್ಣದೊಂದು ಗಂಟು ಎಂದರು. ತೆಗೆದುಹಾಕಿದರು.

ಅಮ್ಮನ ಕಾಯಿಲೆ ಅಲ್ಲ.

ನನ್ನ ನಂತರ ಒಳಗೆ ಹೋದ ಹೆಂಗಸು ಹೊರಗೆ ಬಂದು "ಏನೂ ನೋವಾಗ್ನಿಲ್ಲ ಕಣಮ್ಮ" ಎಂದು ನಕ್ಕಳು. ಅವಳನ್ನು ಕಂಡೂ ಕರುಬಿದೆ. ಡಾಕ್ಟರು ಯಜಮಾನರ ಕೈಗೆಲಸ ಹೊಗಳಿದಾಗ ಅವರು, "ನಂದೇನಿಲ್ಲ ಡಾಕ್ಟ್ರಮ್ಮ, ಇವ್ಳೇ ಕಂಡಿಡ್ದಿದ್ದು" ಎಂದರು.

ಈಗ ಆರು ವಾರ. ರಕ್ತ ನಿಂತಿದೆ. ಪೂರ್ತಿ ಗುಣವಾಯಿತು ಎನ್ನಲು ಇನ್ನೂ ಧೈರ್ಯವಿಲ್ಲ. ಆಸ್ಪತ್ರೆಯ ಉಳಿದ ಸಾಧನಗಳೂ ಒಂದೊಂದಾಗಿ ನಮ್ಮ ಮನೆಗೆ ಬರುತ್ತಿವೆ, ಭಾನುವಾರ ಹಿಂದಿರುಗುತ್ತಿವೆ. ಆ ಡಾಕ್ಟರು ನನ್ನ ಜೀವ ಉಳಿಸಿದವರು, ಅವರಿಗೆ ಕೈ ಮುಗಿಯುತ್ತೇನೆ. ಆದರೂ ಬಿಳಿ ಷರಟನ್ನು ಒಂಟಿಯಾಗಿ ಕಳಿಸುವುದಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಯಜಮಾನರನ್ನು ಕೂರಿಸಿ, ಬಾಗಿಲ ಕಡೆ ನಾನು ಕೂರುತ್ತೇನೆ. ಮಳವಳ್ಳಿಯಲ್ಲಿ ಮೊದಲು ಇಳಿಯುವವಳು ನಾನೇ.