ತೆಂಗಿನ ಬುಡದ ಉಪ್ಪು

ನನ್ನ ಹೆಸರಿನ ಜೊತೆ ಒಂದು ಸಂಖ್ಯೆ ಓಡಾಡುತ್ತದೆ. ಕಂಪ್ಯೂಟರಿನಲ್ಲಿ ನನ್ನ ಹೆಸರು ಹುಡುಕಿದರೆ ನಾನು ಬರೆದ ಪೇಪರುಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಬೇರೆ ಎಷ್ಟು ಜನ ತಮ್ಮ ಪೇಪರಿನಲ್ಲಿ ಉಲ್ಲೇಖಿಸಿದ್ದಾರೆ ಎಂಬ ಎಣಿಕೆ ಇರುತ್ತದೆ. ಸೈಟೇಶನ್ ಅನ್ನುತ್ತಾರೆ ಅದಕ್ಕೆ. ಸಾರ್ವಜನಿಕ ಆರೋಗ್ಯದ ಸಂಶೋಧಕರಿಗೆ ಅದೇ ಜಾತಕ. ಬಡ್ತಿ ಕೊಡುವವರು ಮುಖ ನೋಡುವ ಮೊದಲು ಅದನ್ನು ನೋಡುತ್ತಾರೆ.

ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಉಪ್ಪಿನ ಪೇಪರ್. ಉಳಿದವನ್ನೆಲ್ಲ ಒಟ್ಟು ಹಾಕಿದರೂ ಅದರ ಅರ್ಧಕ್ಕೆ ಬರುವುದಿಲ್ಲ. ಅದರ ಎಣಿಕೆ ಏರುವುದನ್ನು ಕಂಡಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ. ದೊಡ್ಡ ಮಾತಲ್ಲ ಇದು. ಅನ್ನದಲ್ಲಿ ಕೂದಲು ಸಿಕ್ಕಿದಾಗ ಆಗುತ್ತದಲ್ಲ, ಅಂಥದೇ ಹೇಸಿಗೆ.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಜನ ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತಾರೆ, ಅದಕ್ಕೂ ರಕ್ತದೊತ್ತಡಕ್ಕೂ ಸಂಬಂಧ ಎಷ್ಟು ಎಂದು ನೋಡುವ ಕೆಲಸ ಅದು. ನಾನು ಕುಮಟೆಯವಳು ಎಂಬ ಕಾರಣಕ್ಕೇ ನನಗೆ ಬಂತು. "ನಿಮ್ಮದೇ ಜನ, ನಿಮ್ಮದೇ ಮಾತು. ನಿಮಗಿಂತ ಚೆನ್ನಾಗಿ ಇನ್ನು ಯಾರು ಕೇಳ್ತಾರೆ?" ಎಂದಿದ್ದರು ನಮ್ಮ ವಿಭಾಗದ ಮುಖ್ಯಸ್ಥರು. ಘಟ್ಟದ ಮೇಲಿನ ನಮ್ಮ ಕಾಲೇಜಿನಿಂದ ಇಳಿದು ಅವರು ಶರಾವತಿ ಸೇತುವೆ ದಾಟಿದ್ದು ಒಂದೇ ಸಲ, ಮಗನಿಗೆ ಸೀಟು ಸಿಗಲೆಂದು ಇಡಗುಂಜಿ ಗಣಪತಿಗೆ ಹರಕೆ ಹೊತ್ತಾಗ. ಪೇಪರಿನಲ್ಲಿ ಮಾತ್ರ ಅವರ ಹೆಸರು ನನ್ನ ಹೆಸರಿನ ಬೆನ್ನಿಗೇ ಇದೆ.

ಜನ ತಿಂದ ಉಪ್ಪನ್ನು ಸರಿಯಾಗಿ ಅಳೆಯಬೇಕೆಂದರೆ ಇಡೀ ದಿನದ ಮೂತ್ರ ಸಂಗ್ರಹಿಸಿ ಪರೀಕ್ಷೆ ಮಾಡಬೇಕು. ಅದಕ್ಕೆ ಪ್ರಯೋಗಾಲಯ ಬೇಕು, ಪುರಸೊತ್ತು ಬೇಕು. ಮನೆಮನೆಗೆ ಹೋಗಿ ಡಬ್ಬ ಕೊಟ್ಟು ಮರುದಿನ ಎತ್ತಿಕೊಂಡು ಬರುವ ಗಟ್ಟಿತನವೂ ಬೇಕು. ನಾವು ಸುಲಭದ ದಾರಿ ಹಿಡಿದೆವು. ಬೇರೆ ಯಾವುದೋ ದೇಶದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಮೇ ತಿಂಗಳ ರಜೆಯಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೊರಟೆವು. ಅದರಲ್ಲಿ ಮುಖ್ಯವಾದ ಪ್ರಶ್ನೆ ಒಂದೇ: ಕಳೆದ ಒಂದು ತಿಂಗಳಲ್ಲಿ ನಿಮ್ಮ ಮನೆಗೆ ಎಷ್ಟು ಉಪ್ಪು ತಂದಿದ್ದೀರಿ? ಬಂದ ಉತ್ತರವನ್ನು ಮನೆಯ ತಲೆಗಳಿಗೆ ಹಂಚಿ, ಮೂವತ್ತು ದಿನಕ್ಕೆ ಭಾಗಿಸಿದರೆ ಮುಗಿಯಿತು.

ಭಟ್ಕಳದ ಹತ್ತಿರದ ಮುಟ್ಟಳ್ಳಿಯ ಒಂದು ಮನೆ ನನಗೆ ಚೆನ್ನಾಗಿ ನೆನಪಿದೆ. ಗದ್ದೆಯ ಅಂಚಿನ ಮನೆ, ಸುತ್ತ ಹತ್ತಿಪ್ಪತ್ತು ತೆಂಗಿನ ಮರ. ಎಪ್ಪತ್ತರ ಹತ್ತಿರದ ಅಮ್ಮ ಒಬ್ಬರು ಅಂಗಳದಲ್ಲಿ ಬಂಗಡೆ ಮೀನಿಗೆ ಉಪ್ಪು ತುಂಬಿ ಒಣಗಿಸಲು ಹಾಕಿ, ಕಾಗೆ ಕಾಯುತ್ತ ಕುಳಿತಿದ್ದರು. ನನ್ನ ಕೈಯಲ್ಲಿ ಪೆನ್ನು, ಹಾಳೆ ಕಂಡು ಟೀಚರ್ ಅಂದುಕೊಂಡರು.

"ಬನ್ನಿ ಅಕ್ಕೋರೇ, ಕೂತ್ಕಣಿ. ಎಂತ ಬರ್ಕಣೂಕೆ ಬಂದದ್ದು?"

ಪ್ರಶ್ನೆ ಕೇಳಿದೆ. ಅವರು ಲೆಕ್ಕ ಹಾಕುವ ಗೋಜಿಗೇ ಹೋಗಲಿಲ್ಲ. "ಎರಡು ಚೀಲ," ಎಂದರು.

ನಾನು ಬರೆದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ಹಾಳೆಯಲ್ಲಿ "ಯಾಕೆ" ಎಂಬುದಕ್ಕೆ ಜಾಗ ಇರಲಿಲ್ಲ. ಪಕ್ಕದ ಮನೆಯಲ್ಲಿ ಐದು ಕಿಲೋ, ಆಚೆ ಮನೆಯಲ್ಲಿ ಎರಡು ಕಿಲೋ, ಹೀಗೆ ಬರೆಯುತ್ತ ಹೋದೆ.

ಕಾಲೇಜಿಗೆ ಬಂದು ಲೆಕ್ಕ ಹಾಕಿದಾಗ ಎರಡು ಚೀಲ, ಒಂದು ಚೀಲದ ಉತ್ತರಗಳು ನಮಗೇ ನಗು ತರಿಸಿದವು. ಅಷ್ಟು ಉಪ್ಪು ತಿಂದ ಮನುಷ್ಯ ಬದುಕಿ ಉಳಿಯುವುದಿಲ್ಲ. "ಹಳ್ಳಿ ಜನಕ್ಕೆ ಅಂದಾಜು ಗೊತ್ತಾಗಲ್ಲ. ತೆಗೆದುಹಾಕಿ," ಎಂದರು ಮುಖ್ಯಸ್ಥರು. ತೆಗೆದುಹಾಕಿದೆ. ಉಳಿದ ಉತ್ತರಗಳ ಸರಾಸರಿ ಹೆಚ್ಚಾಗಿತ್ತು, ಆದರೆ ನಂಬುವ ಹಾಗಿತ್ತು. ಹೆದರಿಸುವಷ್ಟು ಹೆಚ್ಚು, ಅನುಮಾನ ಹುಟ್ಟಿಸದಷ್ಟು ಹೆಚ್ಚು. ವೈದ್ಯಕೀಯ ಪತ್ರಿಕೆಯವರು ಖುಷಿಯಿಂದ ಅಚ್ಚು ಹಾಕಿದರು.

ಆಮೇಲೆ ಅದು ಓಡಿದ ಓಟ! ಒಬ್ಬರು ಉಲ್ಲೇಖಿಸಿದರು, ಅವರನ್ನು ನೋಡಿ ಇನ್ನೊಬ್ಬರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಕರಾವಳಿಯ ಜನರ ನಾಲಿಗೆಯ ಬಗ್ಗೆ, ಒಣಮೀನಿನ ಬಗ್ಗೆ, ಅವರ ತಿಳಿವಳಿಕೆ ಸಾಲದು ಎನ್ನುವ ಬಗ್ಗೆ ಪುಟಗಟ್ಟಲೆ ಬರೆದವರು ನಮ್ಮ ಪೇಪರಿನ ಮೊದಲ ಪುಟದ ಸಾರಾಂಶ ದಾಟಿ ಮುಂದೆ ಹೋಗಿರಲಿಲ್ಲ. ಹೋಗಿದ್ದರೆ ನಮ್ಮ ಪ್ರಶ್ನೆಯೇ ಅವರ ಕಣ್ಣಿಗೆ ಬೀಳುತ್ತಿತ್ತು. ಎಣಿಕೆ ನೂರು ದಾಟಿದ ದಿನ ವಿಭಾಗದಲ್ಲಿ ಕೇಕ್ ಕತ್ತರಿಸಿದರು. ನಾನೂ ನಗುತ್ತ ಬಾಯಿ ತೆರೆದು ತಿಂದೆ. ಆ ಫೋಟೋ ಇವತ್ತಿಗೂ ವಿಭಾಗದ ಗೋಡೆಯ ಮೇಲಿದೆ.

ಕೆಲವು ವರ್ಷ ಕಳೆದು ಬೇರೆ ಕೆಲಸಕ್ಕೆಂದು ಮತ್ತೆ ಮುಟ್ಟಳ್ಳಿಗೆ ಹೋದೆ. ಮೊದಲ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಊರಿನ ಆಶಾ ಕಾರ್ಯಕರ್ತೆ ಜೊತೆಗಿದ್ದಳು. ಅದೇ ಮನೆಯ ಹಿಂದೆ ಅದೇ ಅಮ್ಮ, ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡು, ತೆಂಗಿನ ಬುಡದ ಸುತ್ತ ಅಗೆದಿದ್ದ ಗುಂಡಿಗಳಿಗೆ ಎಡಗೈಯಿಂದ ಹಿಡಿ ಹಿಡಿ ಉಪ್ಪು ಸುರಿಯುತ್ತಿದ್ದರು. ಪಕ್ಕದಲ್ಲಿ ಬಾಯಿ ಬಿಚ್ಚಿದ ಚೀಲ.

ನಾನು ಚೀಲದ ಹತ್ತಿರ ಹೋದೆ. "ಅಮ್ಮಾ, ಎರಡು ಚೀಲ ಅಂದಿದ್ರಲ್ಲ ಅವತ್ತು..."

"ಹೌದು, ಇದಕ್ಕೇ ಅಲ್ದಾ? ಮಳೆಗಾಲಕ್ಕೆ ಮುಂಚೆ ತಕ್ಕಂಡು ಇಟ್ಕಣೂದು. ಮರದ ಗೊಬ್ಬರಕ್ಕೆ, ಒಣಮೀನಿಗೆ, ಮಾವಿನ ಮಿಡಿಗೆ. ವರ್ಷಕ್ಕೊಂದೇ ಸಲ. ತಿನ್ನೂಕೆ ಎಷ್ಟು ಬೇಕು ಅಕ್ಕೋರೇ, ಒಲೆ ಪಕ್ಕದ ಉಪ್ಪಿನ ಮರಿಗೆ ತುಂಬ ಇದ್ರೆ ಆತು."

ಅವರ ಉತ್ತರ ಸರಿಯಾಗಿತ್ತು. ನಾವು ಕಸವೆಂದು ಬಿಸಾಡಿದ್ದು ಅದನ್ನೇ. ಪಕ್ಕದ ಮನೆಯ ಐದು ಕಿಲೋದಲ್ಲೂ ಹೆಚ್ಚಿನದು ಮರದ ಬುಡಕ್ಕೇ ಹೋಗಿತ್ತು, ಅದನ್ನು ಮಾತ್ರ ಲೆಕ್ಕದಲ್ಲಿ ಉಳಿಸಿಕೊಂಡಿದ್ದೆವು. ಮೂರು ತಾಲೂಕಿನ ತೆಂಗಿನ ಮರಗಳು ತಿಂದ ಉಪ್ಪನ್ನು ನಾನು ಮನುಷ್ಯರ ಬಾಯಿಗೆ ತುರುಕಿ ಲೆಕ್ಕ ಬರೆದಿದ್ದೆ.

ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಕುಮಟೆಯ ನಮ್ಮ ಮನೆಯ ಹಿತ್ತಿಲಲ್ಲಿ ಚಿಕ್ಕಂದಿನಲ್ಲಿ ಗೆರಟೆಯಲ್ಲಿ ಉಪ್ಪು ತುಂಬಿಕೊಂಡು ಮರದಿಂದ ಮರಕ್ಕೆ ಓಡಿದವಳು ನಾನೇ. ಸಾಣಿಕಟ್ಟೆಯ ಉಪ್ಪಿನಾಗರದ ದಪ್ಪ ಹರಳು ಕಾಲಿನ ಗಾಯಕ್ಕೆ ತಾಗಿ ಉರಿದದ್ದೂ ನೆನಪಿದೆ. ನನ್ನದೇ ಜನ, ನನ್ನದೇ ಮಾತು. ಅಚ್ಚಾದ ಹಾಳೆಯೊಂದು ಕೈಗೆ ಬಂದ ಕೂಡಲೇ ಹಿತ್ತಿಲನ್ನು ಮರೆತಿದ್ದೆ.

"ಕೈಗೆ ಎಂತ ಆಯ್ತು ಅಮ್ಮಾ?" ಎಂದೆ.

ಉತ್ತರ ಕೊಟ್ಟದ್ದು ಆಶಾ ಕಾರ್ಯಕರ್ತೆ. ಯಾವುದೋ ಸಂಸ್ಥೆಯವರು ಮನೆಮನೆಗೆ ಹಂಚಲು ಒಂದು ಹಾಳೆ ಕೊಟ್ಟಿದ್ದರಂತೆ: ನಿಮ್ಮ ಭಾಗದಲ್ಲಿ ಉಪ್ಪು ಮಿತಿ ಮೀರಿದೆ, ಕೂಡಲೇ ಬಿಡಿ. ಅಮ್ಮ ಮೊದಲೇ ಬಿಪಿ ಮಾತ್ರೆ ನುಂಗುವವರು. ಹಾಳೆ ಬಂದ ಮೇಲೆ ಒಣಮೀನು ಬಿಟ್ಟರು, ಉಪ್ಪಿನಕಾಯಿ ಬಿಟ್ಟರು, ಕೊನೆಗೆ ಗಂಜಿಗೂ ಉಪ್ಪು ಹಾಕುವುದನ್ನು ಬಿಟ್ಟರು. ಬೇಸಿಗೆಯ ಬಿಸಿಲಲ್ಲಿ ಗದ್ದೆಯ ಅಂಚಿನಲ್ಲಿ ತಲೆ ತಿರುಗಿ ಬಿದ್ದರು. ರಕ್ತದಲ್ಲಿ ಉಪ್ಪು ಇಳಿದಿದೆ ಎಂದು ಆಸ್ಪತ್ರೆಯಲ್ಲಿ ಸಲಾಯಿನ್ ಹಾಕಿ, ಕೈ ಕಟ್ಟಿ ಕಳಿಸಿದ್ದರು.

ಹಾಳೆ ನೋಡಿದೆ. ಜಗಲಿಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದ್ದರು. ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಆಧಾರ ಎಂದು ಬರೆದು ನಮ್ಮ ಪೇಪರಿನ ಹೆಸರು, ಅದರ ಮುಂದೆ ನನ್ನ ಹೆಸರು.

ಮರುದಿನವೇ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಪೇಪರ್ ತಪ್ಪು, ಹಿಂದಕ್ಕೆ ತೆಗೆದುಕೊಳ್ಳೋಣ, ಕನಿಷ್ಠ ತಿದ್ದುಪಡಿ ಹಾಕೋಣ ಎಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿ ಇತ್ತು.

"ನೋಡಿ ಮೇಡಂ, ಅಧ್ಯಯನಕ್ಕೆ ಮಿತಿಗಳಿವೆ ಅಂತ ಕೊನೆಯಲ್ಲಿ ಒಂದು ಸಾಲು ಹಾಕಿದ್ದೀವಲ್ಲ? ಸಾಕು ಅದು. ಹೇಗಿದ್ದರೂ ಉಪ್ಪು ಕಡಿಮೆ ತಿನ್ನೋದು ಒಳ್ಳೆಯದೇ. ಬರುವ ತಿಂಗಳು ನಿಮ್ಮ ಪ್ರೊಫೆಸರ್ ಸಂದರ್ಶನ. ನಿಮ್ಮ ಫೈಲಲ್ಲಿ ತೂಕ ಇರೋದೇ ಆ ಒಂದು ಪೇಪರಿಗೆ."

ಅವರ ಮೇಜಿನ ಗಾಜಿನ ಕೆಳಗಿನಿಂದ ಇಡಗುಂಜಿ ಗಣಪತಿ ನನ್ನನ್ನೇ ನೋಡುತ್ತಿದ್ದ. ಆ ಮನುಷ್ಯನ ಮೇಲೆ ನನಗೆ ವಾಕರಿಕೆ ಬಂತು. ಆದರೆ ನಿಜ ಹೇಳಿಬಿಡುತ್ತೇನೆ: ಕೋಣೆಯಿಂದ ಹೊರಗೆ ಬರುವಾಗ ನನಗೆ ನಿರಾಳವಾಗಿತ್ತು. ಬೇಡ ಅಂದದ್ದು ಅವರು, ನಾನಲ್ಲ ಎಂಬ ನಿರಾಳ. ಇವತ್ತಿಗೂ ನನಗೆ ಅವರಿಗಿಂತ ಹೆಚ್ಚು ಹೇಸಿಗೆ ಬರಿಸುವುದು ಆ ನಿರಾಳವೇ.

ಸಂದರ್ಶನಕ್ಕೆ ಹೋದೆ. ಉಪ್ಪಿನ ಪೇಪರ್ ತೋರಿಸಿದೆ, ಪ್ರೊಫೆಸರ್ ಆದೆ. ಸಂದರ್ಶನ ಮಾಡಿದವರಲ್ಲಿ ಒಬ್ಬರು, ನಿಮ್ಮ ಕೆಲಸ ನೆಲಕ್ಕೆ ಹತ್ತಿರ ಇದೆ ಎಂದು ಹೊಗಳಿದರು.

ಕೆಲಸ ಕಾಯಂ ಆಗಿ, ಮುಖ್ಯಸ್ಥರು ನಿವೃತ್ತರಾದ ಮೇಲೆ ನನಗೆ ಧೈರ್ಯ ಬಂತು. ಕಳೆದುಕೊಳ್ಳುವ ಭಯ ಉಳಿಯದಿದ್ದಾಗ ಬರುವ ಧೈರ್ಯಕ್ಕೆ ಏನು ಬೆಲೆ ಎಂದು ಕೇಳಬೇಡಿ, ನನಗೆ ಗೊತ್ತು. ಪತ್ರಿಕೆಗೆ ತಿದ್ದುಪಡಿ ಬರೆದೆ: ಬೇಸಿಗೆಯಲ್ಲಿ ಕೊಂಡ ಉಪ್ಪಿನಲ್ಲಿ ತೆಂಗಿನ ಪಾಲು ಇದೆ, ಮೀನು ಒಣಗಿಸುವ ಪಾಲು ಇದೆ, ನಮ್ಮ ಸರಾಸರಿ ನಂಬಬೇಡಿ. ಅರ್ಧ ಪುಟದಲ್ಲಿ ಅಚ್ಚಾಯಿತು. ಅದರ ಸೈಟೇಶನ್ ಇವತ್ತಿಗೆ ಒಂದು. ಅದೂ ನಾನೇ ಮಾಡಿದ್ದು. ಮೂಲ ಪೇಪರಿನ ಎಣಿಕೆ ಮಾತ್ರ ತನ್ನ ಪಾಡಿಗೆ ಏರುತ್ತಲೇ ಇದೆ.

ತಿದ್ದುಪಡಿಯ ಪ್ರತಿ ಹಿಡಿದುಕೊಂಡು ಮುಟ್ಟಳ್ಳಿಗೆ ಹೋದೆ. ಅಮ್ಮ ಇನ್ನಷ್ಟು ಸೊರಗಿದ್ದರು. ಜಗಲಿಯಲ್ಲಿ ಕೂರಿಸಿ, ಬೇಡವೆಂದರೂ ಕೇಳದೆ ಎರಡು ಬಟ್ಟಲು ಗಂಜಿ ತಂದಿಟ್ಟರು.

"ಅಮ್ಮಾ, ಗೋಡೆ ಮೇಲಿನ ಹಾಳೆ ತಪ್ಪು. ಅದರ ಹಿಂದಿನ ಲೆಕ್ಕ ಬರೆದವಳು ನಾನೇ. ನೀವು ಸ್ವಲ್ಪ ಉಪ್ಪು ತಿನ್ನಬೇಕು. ತೀರಾ ಬಿಟ್ಟರೆ ಮತ್ತೆ ಬೀಳ್ತೀರಿ."

ಅವರು ನನ್ನ ಕೈಯಲ್ಲಿದ್ದ ಇಂಗ್ಲಿಷ್ ಕಾಗದ ನೋಡಿದರು, ಗೋಡೆಯ ಕಡೆ ನೋಡಿದರು. ಹಾಳೆ ಹೊಗೆ ಹಿಡಿದು ಕಂದಾಗಿತ್ತು, ಆದರೂ ಗಟ್ಟಿಯಾಗಿ ಅಂಟಿಕೊಂಡಿತ್ತು.

"ಆಸ್ಪತ್ರೆಯವ್ರೂ ಹಾಗೇ ಹೇಳಿದ್ರು. ಆದ್ರೆ ಅಕ್ಕೋರೇ, ನೀವು ಈಗ ಬಾಯಲ್ಲಿ ಹೇಳೂದು. ಅದು ಅಚ್ಚು ಹಾಕಿದ್ದಲ್ದಾ? ಅಷ್ಟು ಓದಿದವ್ರು ಎಲ್ಲ ಸೇರಿ ಬರ್ದದ್ದು. ಎಲ್ಲರ ಮನೆಗೂ ಬಂದದೆ, ತಪ್ಪು ಹ್ಯಾಂಗಾಗ್ತದೆ?"

ಎಷ್ಟು ಹೇಳಿದರೂ ಅವರು ನಕ್ಕರೇ ಹೊರತು ನಂಬಲಿಲ್ಲ. ಆಮೇಲೆ ಏನೋ ನೆನಪಾದವರಂತೆ ಎದ್ದು ಒಳಗೆ ಹೋದರು. ಉಪ್ಪಿನ ಮರಿಗೆಯಿಂದ ನಾಲ್ಕು ಹರಳು ತಂದು ನನ್ನ ಬಟ್ಟಲಿನ ಪಕ್ಕ ಬಾಳೆ ಎಲೆಯ ಚೂರಿನ ಮೇಲೆ ಇಟ್ಟರು.

"ನೀವು ಹಾಕ್ಕಣಿ. ನಿಮಗೆ ಸಪ್ಪೆ ಆಗ್ತದೆ."

ನಾನು ಹಾಕಿಕೊಂಡು ಕುಡಿದೆ. ಅವರು ಸಪ್ಪೆ ಗಂಜಿಯನ್ನೇ ಕುಡಿದರು.