ಮೈಕಿನಲ್ಲಿ ಆಡಿದ ಮಾತು

"ಅದನ್ನ ಅವಳಿಗೆ ಮನೇಲಿ ಹೇಳಿಕೊಟ್ಟಿರ್ತಾರೆ ಸಾರ್, ನನಗೇನೂ ಗೊತ್ತಿಲ್ಲ" — ಈ ಮಾತನ್ನು ಆಡಿದವಳು ನಾನು. ಚಳ್ಳಕೆರೆಯಲ್ಲಿ, ತುಂಬಿದ ಸಭೆಯ ಎದುರು, ಮೈಕಿನಲ್ಲಿ ಆಡಿದೆ. ಅದು ಸುಳ್ಳು. ಆಡುವಾಗಲೇ ಸುಳ್ಳೆಂದು ಗೊತ್ತಿತ್ತು. ಆ ಹುಡುಗಿಯ ಭಾಷಣವನ್ನು ತಿದ್ದಿದವಳು ನಾನು. ಅದರ ನಡುವೆ ಬರುವ ಆ ಸಂಗತಿಯನ್ನು ಅವಳ ಅಜ್ಜಿಯ ಬಾಯಿಂದ ಹೊರಡಿಸಿದವಳು ನಾನು. "ಇದನ್ನೇ ಹೇಳು, ಹೆದರಬೇಡ" ಎಂದು ಬೆನ್ನು ತಟ್ಟಿ ವೇದಿಕೆ ಹತ್ತಿಸಿದವಳೂ — ನಾನೇ.

ಆಗ ನಾನು ಮೊಳಕಾಲ್ಮೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಗಂಡನ ಮನೆ ಚಳ್ಳಕೆರೆ. ಎಣ್ಣೆ ಮಿಲ್ಲು, ಕಡಲೆಕಾಯಿ ವ್ಯಾಪಾರದ ದೊಡ್ಡ ಮನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಚಳ್ಳಕೆರೆಗೇ ವರ್ಗ ಮಾಡಿಸಿಕೊಡುತ್ತೇನೆಂದು ಮಾವನವರು ಓಡಾಡುತ್ತಿದ್ದರು. ಸ್ವಾತಂತ್ರ್ಯ ಬಂದು ಐವತ್ತು ವರ್ಷವಾದ ಸಂಭ್ರಮ ಬೇರೆ. ಬ್ರಿಟನ್ನಿನ ರಾಣಿ ಅಮೃತಸರಕ್ಕೆ ಬಂದು, ಜಲಿಯನ್‌ವಾಲಾ ಬಾಗ್‌ನಲ್ಲಿ ಹೂವಿಟ್ಟು ತಲೆಬಾಗಿ ಹೋಗಿದ್ದರು. ತಲೆಬಾಗಿದರೆ ಸಾಕೇ, ಬಾಯಿಬಿಟ್ಟು ಕ್ಷಮೆ ಕೇಳಬೇಡವೇ ಎಂದು ಪೇಪರಿನಲ್ಲೆಲ್ಲ ಅದೇ ಚರ್ಚೆ. ಆ ಬಿಸಿಯಲ್ಲೇ ಚಳ್ಳಕೆರೆಯ ಕೆಲವು ವರ್ತಕರು ಸೇರಿ ಎರಡೂ ತಾಲ್ಲೂಕಿನ ಮಕ್ಕಳಿಗೆ ಭಾಷಣ ಸ್ಪರ್ಧೆ ಇಟ್ಟರು. ತಮ್ಮ ದೇಶದಿಂದಾದ ಯುದ್ಧಕಾಲದ ದುರಂತಗಳನ್ನು ರಾಷ್ಟ್ರನಾಯಕರು ಬಹಿರಂಗವಾಗಿ ಸ್ಮರಿಸಬೇಕೇ — ಇದು ವಿಷಯ.

ನಮ್ಮ ಶಾಲೆಯಿಂದ ನಾನು ಆರಿಸಿದ್ದು ಮಾಬುನ್ನಿಯನ್ನು. ಹತ್ತನೇ ತರಗತಿ, ಸಣ್ಣ ಮೈ, ಕಂಚಿನಂಥ ಗಂಟಲು. ಅವಳ ತಂದೆ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಮದುವೆಯ ಕಾಲ ಬಂದರೆ ಚಳ್ಳಕೆರೆಯ ಮನೆಗಳ ಜಗಲಿಯ ಮೇಲೆ ಕೂತು ಹೊಸ ಹಾಸಿಗೆ, ದಿಂಬು ಮಾಡಿಕೊಟ್ಟು ಬರುತ್ತಿದ್ದರು. ನಮ್ಮ ಮನೆಗೂ ಬಂದಿದ್ದರು.

ಅವಳು ಮೊದಲು ಬರೆದುಕೊಂಡು ಬಂದದ್ದರಲ್ಲಿ ಬ್ರಿಟನ್ ಇತ್ತು, ಜರ್ಮನಿ ಇತ್ತು, ಜಪಾನ್ ಇತ್ತು. ಚೆನ್ನಾಗಿಯೇ ಇತ್ತು. ನನಗೆ ಸಾಲಲಿಲ್ಲ. ಎಲ್ಲರೂ ಇದನ್ನೇ ಹೇಳುತ್ತಾರೆ, ನನ್ನ ಹುಡುಗಿ ಬೇರೆ ಏನಾದರೂ ಹೇಳಬೇಕು — ನನ್ನ ಹುಡುಗಿ! ಆ ಹೆಮ್ಮೆ ಯಾರದ್ದಾಗಿತ್ತು ಎಂದು ಈಗ ಕೇಳಿಕೊಳ್ಳುತ್ತೇನೆ. "ಬೇರೆಯವರದ್ದೇ ಹೇಳ್ತೀಯಲ್ಲ, ನಮ್ಮ ದೇಶದ್ದು ಏನೂ ಇಲ್ವಾ?" ಎಂದೆ. ಅವಳು "ನಮ್ಮಜ್ಜಿ ಊರು ಹೊಳೆ ಆಚೆ ಇತ್ತಂತೆ ಮೇಡಂ. ಯಾಕೆ ಬಿಟ್ಟು ಬಂದ್ರಿ ಅಂದ್ರೆ ಹೇಳಲ್ಲ" ಎಂದಳು.

ಹೊಳೆ ಎಂದರೆ ತುಂಗಭದ್ರೆ. ಅದರಾಚೆ ಆಗ ನಿಜಾಮನ ಸೀಮೆ. ಸ್ವಾತಂತ್ರ್ಯ ಬಂದ ಮರುವರ್ಷ ನಮ್ಮ ಸೈನ್ಯ ಒಳಗೆ ಹೋಗಿ ಆ ಸೀಮೆಯನ್ನು ದೇಶಕ್ಕೆ ಸೇರಿಸಿತು. ರಜಾಕಾರರ ಹಾವಳಿ, ಪೊಲೀಸ್ ಕಾರ್ಯಾಚರಣೆ, ವಿಲೀನ — ಪಾಠದಲ್ಲಿ ಇಷ್ಟಿರುತ್ತದೆ, ನಾನೂ ಇಷ್ಟನ್ನೇ ಹೇಳಿ ಪುಟ ತಿರುಗಿಸುತ್ತಿದ್ದೆ. ಅದಾದ ಮೇಲೆ ಹಲವು ಊರುಗಳಲ್ಲಿ ಏನೂ ಮಾಡದ ಮುಸಲ್ಮಾನರನ್ನು ಹಿಡಿದು ಕೊಂದರು ಎಂಬುದು ಕಿವಿಗೆ ಬಿದ್ದಿತ್ತು. ಬಿದ್ದಿತ್ತು, ಅಷ್ಟೇ.

ಮಾಬುನ್ನಿಯ ಮನೆಗೆ ಹೋದೆ. ಅಜ್ಜಿಯ ಹೆಸರು ಹುಸೇನಮ್ಮ. ಮೊದಲ ಸಲ ಏನೂ ಹೇಳಲಿಲ್ಲ. ಎರಡನೆಯ ಸಲವೂ ಇಲ್ಲ. ನಾನು ಬಿಡಲಿಲ್ಲ, ಮತ್ತೆ ಹೋದೆ. ಆವತ್ತು ಅವರು ಗೋಡೆಯನ್ನು ನೋಡುತ್ತ ಹೇಳತೊಡಗಿದರು —

"ಮಿಲಿಟ್ರಿ ಲಾರಿ ಬಂದ್ವು. ಅಷ್ಟೊತ್ತಿಗೆ ರಜಾಕಾರರೆಲ್ಲ ಓಡಿಹೋಗಿದ್ರು. ಅವರೂ ಕೆಟ್ಟದ್ದು ಮಾಡಿದ್ರು ತಾಯಿ, ಅದು ಸುಳ್ಳಲ್ಲ. ಉಳಿದೋರು ನಾವು, ಹತ್ತಿ ಹಿಂಜೋರು. ಪಕ್ಕದ ಊರಿನೋರು ಬಂದು ಗಂಡಸರನ್ನೆಲ್ಲ ಬಾವಿ ತಾವ ಕರ್ಕೊಂಡು ಹೋದ್ರು. ನನ್ನ ಗಂಡನ್ನೂ. ಲಾರಿಯಾಗಿದ್ದೋರು ನೋಡ್ತಾ ಇದ್ರು, ಇಳೀಲಿಲ್ಲ..."

ಆಮೇಲಿನದ್ದನ್ನು ಅವರು ಹೇಳಲಿಲ್ಲ. ಕಂಕುಳಲ್ಲಿ ಕೂಸನ್ನು ಕಟ್ಟಿಕೊಂಡು ಹೊಳೆ ದಾಟಿದೆ ಎಂದಷ್ಟೇ ಅಂದರು. ಆ ಕೂಸೇ ಮಾಬುನ್ನಿಯ ತಂದೆ. ಈಗ ಅಲ್ಲೇ ಮೂಲೆಯಲ್ಲಿ ಕೂತು ದಿಂಬಿಗೆ ಹೊಲಿಗೆ ಹಾಕುತ್ತಿದ್ದರು. ಅವರಿಗೂ ಅದು ಹೊಸದು. ಸೂಜಿ ಹಿಡಿದ ಕೈ ನಿಂತುಹೋಗಿತ್ತು.

"ಈಗ ಯಾರಾದ್ರೂ ಏನು ಮಾಡ್ಬೇಕು ಅಂತೀರಾ ಅಜ್ಜಿ?" ಎಂದು ಕೇಳಿದೆ. ಭಾಷಣಕ್ಕೆ ಕೊನೆ ಬೇಕಿತ್ತು ನನಗೆ — ಹೌದು, ಅದಕ್ಕೇ ಕೇಳಿದ್ದು.

"ಏನೂ ಬ್ಯಾಡವ್ವ. ಯಾರಾನ ದೊಡ್ಡೋರು ಆ ಬಾವಿ ತಾವ ನಿಂತು, ಹೌದು, ಇಲ್ಲಿ ಹಿಂಗಾಗಿತ್ತು, ಆಗಬಾರದಿತ್ತು ಅಂದ್ರೆ ಸಾಕು."

ಹೊರಡುವಾಗ ಮಾಬುನ್ನಿಯ ತಂದೆ ಬಾಗಿಲವರೆಗೆ ಬಂದರು. "ಇದನ್ನೆಲ್ಲ ಹೊರಗೆ ಹೇಳಬೌದಾ ಮೇಡಂ? ನಾವು ನಾಕು ಜನರ ಮನೆ ತಿರುಗಿ ಬದುಕೋರು."

"ನಾನಿದ್ದೀನಿ, ಏನೂ ಆಗಲ್ಲ" ಎಂದೆ.

ಸ್ಪರ್ಧೆಯ ದಿನ ಮಕ್ಕಳೆಲ್ಲ ಬ್ರಿಟಿಷರನ್ನು ಬೈದರು, ಸಭೆ ಚಪ್ಪಾಳೆ ತಟ್ಟಿತು. ಮಾಬುನ್ನಿಗೂ ಮೊದಮೊದಲು ತಟ್ಟಿತು. ಆಮೇಲೆ ಅವಳು ಹೊಳೆ ಆಚೆಯ ಬಾವಿಗೆ ಬಂದಳು. "ಅಮೃತಸರದಲ್ಲಿ ತಲೆಬಾಗಿದ್ದು ಸಾಲದು ಎನ್ನುತ್ತೇವೆ. ಸರಿಯೇ. ಆದರೆ ನಮ್ಮ ನಾಯಕರು ನಮ್ಮ ಅಜ್ಜಿಯ ಊರಿಗೆ ಯಾವಾಗ ಹೋಗುತ್ತಾರೆ?" ಎಂದು ಕೇಳಿದಳು. ಕುರ್ಚಿಗಳು ಕಿರುಗುಟ್ಟುವುದು ಕೇಳಿಸಿತು. ಹಿಂದಿನಿಂದ ಯಾರೋ "ಸಾಕು ಇಳೀ" ಎಂದು ಕೂಗಿದರು. ಅವಳು ಪೂರ್ತಿ ಮುಗಿಸಿಯೇ ನಿಲ್ಲಿಸಿದಳು.

ಅಧ್ಯಕ್ಷತೆ ವಹಿಸಿದ್ದವರು ಮಾವನವರ ಹಳೆಯ ಸ್ನೇಹಿತರು. ಅವರು ಎದ್ದು ಮೈಕು ಹಿಡಿದರು. "ಈ ಮಗೀಗೆ ಇದನ್ನ ಕಲ್ಸಿದೋರು ಯಾರು? ಮೊಳಕಾಲ್ಮೂರಿನ ಮೇಡಂ ಎಲ್ಲಿ? ಬರ್ರಿ ಮ್ಯಾಲೆ."

ಮೆಟ್ಟಿಲು ಹತ್ತುವಾಗ "ನಾನೇ" ಎಂಬ ಮಾತು ಗಂಟಲಲ್ಲಿತ್ತು. ನಿಜವಾಗಿಯೂ ಇತ್ತು. ಮುಂದಿನ ಸಾಲಿನಲ್ಲಿ ಮಾವನವರು ನನ್ನನ್ನು ನೋಡದೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮನೆ, ವರ್ಗಾವಣೆ, ನಾಳೆ ಅಡಿಗೆಮನೆಯಲ್ಲಿ ಕೇಳಬೇಕಾದ ಮಾತುಗಳು — ಇವೆಲ್ಲ ಒಟ್ಟಿಗೇ ಬಂದವೋ, ಅಥವಾ ಬರೀ ಹೆದರಿಕೆಯೋ... ಮೈಕು ನನ್ನ ಬಾಯಿಗೆ ಬಂತು. ಮನೇಲಿ ಹೇಳಿಕೊಟ್ಟಿರ್ತಾರೆ ಎಂಬ ಆ ಮಾತು ಹೊರಬಿತ್ತು.

ಅಧ್ಯಕ್ಷರು ಹುಡುಗಿಯತ್ತ ತಿರುಗಿ, "ಹೌದೇನವ್ವಾ?" ಎಂದರು.

ಮಾಬುನ್ನಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. "ಹ್ಞೂ ಸಾರ್, ನಮ್ಮಜ್ಜಿ ಹೇಳಿದ್ದು" ಎಂದಳು.

ಎಷ್ಟೋ ವರ್ಷ ಈ ಉತ್ತರದ ಹಿಂದೆ ಅಡಗಿ ಕೂತಿದ್ದೆ. ಅವಳೇ ಒಪ್ಪಿಕೊಂಡಳಲ್ಲ, ಅಜ್ಜಿ ಹೇಳಿದ್ದು ನಿಜವೇ ಅಲ್ಲವೇ... ಹೇಳಿದ್ದು ಅಜ್ಜಿ, ಹೇಳಿಸಿದ್ದು ನಾನು. ಅದನ್ನು ಅವಳು ಹೇಳಬಹುದಿತ್ತು. ಹೇಳಲಿಲ್ಲ.

ಅವಳನ್ನು ಊರಿಗೆ ಮುಟ್ಟಿಸಲು ಜೊತೆಗೆ ಬಸ್ಸು ಹತ್ತಿದೆ. ಬಸ್ಸು ತಳಕು ಊರನ್ನು ದಾಟಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ನಾನು ತಪ್ಪು ಮಾತಾಡಿದ್ನಾ ಮೇಡಂ?"

ಆಗಲಾದರೂ ತಪ್ಪು ನನ್ನದು ಎನ್ನಬಹುದಿತ್ತು... ಎನ್ನಲಿಲ್ಲ. "ಇನ್ನು ಮುಂದೆ ಇದನ್ನ ಎಲ್ಲೂ ಹೇಳಬೇಡ" ಎಂದೆ.

ನನ್ನ ಮಾತಿಗೆ ನಾನು ನೆನೆಸದಷ್ಟು ಕಾಲು ಬಂದವು. "ಆ ಮನೇಲಿ ಮಕ್ಕಳಿಗೆ ಏನೇನು ಹೇಳಿಕೊಡ್ತಾರೋ, ಅವರ ಟೀಚರ್ರೇ ಮೈಕಿನಾಗೆ ಹೇಳಿದ್ರಂತೆ" ಎಂದು ಜನ ಆಡಿಕೊಂಡರು. ಮುಂದಿನ ಮದುವೆಯ ಕಾಲದಲ್ಲಿ ಮಾಬುನ್ನಿಯ ತಂದೆಯನ್ನು ಚಳ್ಳಕೆರೆಯಿಂದ ಯಾರೂ ಕರೆಯಲಿಲ್ಲ. ನನ್ನ ನಾದಿನಿಯ ಮದುವೆಗೆ ಹಾಸಿಗೆ ಹೊಲಿಯಲು ಚಿತ್ರದುರ್ಗದಿಂದ ಬೇರೊಬ್ಬರು ಬಂದರು. ಅವರಿಗೆ ಟೀ ತಂದುಕೊಟ್ಟವಳು ನಾನೇ. ಲೋಟ ಇಟ್ಟು, ಒಳಗೆ ಬಂದು, ಮತ್ತೆ ಹೊರಗೆ ಹೋಗಿ, ಏನು ಮಾಡಬೇಕೆಂದು ತಿಳಿಯದೆ ಅಂಗಳ ಗುಡಿಸಿದ್ದೆ.

ಪರೀಕ್ಷೆಗೆ ಮುಂಚೆಯೇ ಮಾಬುನ್ನಿ ಶಾಲೆ ಬಿಟ್ಟಳು. ಹಾಜರಿ ಕರೆಯುವಾಗ ಅವಳ ಹೆಸರನ್ನು ಬೇಗ ದಾಟುತ್ತಿದ್ದೆ. ಅವರ ಮನೆ ಶಾಲೆಯಿಂದ ದೂರವಿರಲಿಲ್ಲ. ಹೋಗಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಅವರು ಬಳ್ಳಾರಿಯ ಕಡೆ ಹೋದರೆಂದು ಗೊತ್ತಾಯಿತು. ಅದೇ ಜೂನ್‌ನಲ್ಲಿ ನನಗೆ ಚಳ್ಳಕೆರೆಗೆ ವರ್ಗವಾಯಿತು.

ಆಮೇಲಿನ ವರ್ಷಗಳಲ್ಲಿ ಟೀವಿಯಲ್ಲಿ ಯಾವುದೋ ದೇಶದ ಪ್ರಧಾನಿ ಯಾವುದೋ ಸ್ಮಾರಕದ ಮುಂದೆ ನಿಂತರೆ ನನಗೆ ಕೂರಲಾಗುತ್ತಿರಲಿಲ್ಲ. "ಸತ್ತೋರು ಎದ್ದು ಬರ್ತಾರಾ ಮೇಡಂ, ಈ ನಾಟಕ ಯಾಕೆ?" ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂದರೆ ಜೋರಾಗಿ ವಾದಿಸುತ್ತಿದ್ದೆ — ಅದು ಸತ್ತವರಿಗಲ್ಲ, ನಡೆದದ್ದು ಸುಳ್ಳೆಂದು ಕೇಳಿಸಿಕೊಂಡೇ ಬದುಕುವವರಿಗೆ, ಎಂದು. ಒಳ್ಳೆಯ ವಾದ. ಎಲ್ಲರೂ ಒಪ್ಪುತ್ತಿದ್ದರು. ನನಗೆ ಮಾತ್ರ ಆ ರಾತ್ರಿ ಊಟ ಸೇರುತ್ತಿರಲಿಲ್ಲ.

ಬಳ್ಳಾರಿಗೆ ಹೋಗುವಾಗ ಒಮ್ಮೆ ಬಸ್ಸು ರಾಂಪುರದಲ್ಲಿ ಕೆಟ್ಟು ನಿಂತಿತು. ಇಳಿದು ನಿಂತವಳಿಗೆ ಎದುರಿನ ಹಾಸಿಗೆ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಮಾಬುನ್ನಿ ಕಂಡಳು. ಅವಳೇ ಮೊದಲು ಗುರುತು ಹಿಡಿದು ಸ್ಟೂಲು ಕೊಟ್ಟಳು. ಮದುವೆಯಾಗಿ ಇಲ್ಲಿಗೆ ಬಂದಿದ್ದಳು. ಅಜ್ಜಿ ತೀರಿಹೋಗಿದ್ದರು. "ಆವತ್ತಿನ ಮ್ಯಾಲೆ ಅಜ್ಜಿ ಆ ಊರಿನ ಹೆಸರೇ ಎತ್ತಲಿಲ್ಲ ಮೇಡಂ. ನನ್ನಿಂದ ಹಿಂಗಾಯ್ತು ಅಂತ ಅಪ್ಪನ ಮುಂದೆ ಅಳೋರು" ಎಂದಳು. ತಂದೆ ಬಳ್ಳಾರಿಯಲ್ಲಿ ಹತ್ತಿ ಮಿಲ್ಲಿನಲ್ಲಿ ಮೂಟೆ ಹೊತ್ತು, ಕೆಮ್ಮಿ ಕೆಮ್ಮಿ ಹೋದರಂತೆ.

ನಾನು ಅವಳ ಕೈ ಹಿಡಿದುಕೊಂಡೆ. ತಪ್ಪಾಯಿತು ಎಂದೆ. ಅತ್ತೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಮೆಲ್ಲಗೇ ಹೇಳಿದಳು: "ಇಲ್ಲಿ ನನ್ನ ತಾವ ಹೇಳಿದ್ರೆ ಏನು ಬಂತು ಮೇಡಂ? ಆವತ್ತು ಮೈಕಿನಾಗೆ ಹೇಳಿದ್ರಿ."

ನನ್ನ ಬಸ್ಸು ರಿಪೇರಿಯಾಗಿ ಹಾರನ್ನು ಹೊಡೆಯತೊಡಗಿತು. ಹೋಗಿ ಕೂತೆ.

ಮಾವನವರು ತೀರಿಕೊಂಡ ಮೇಲೆ, ಒಂದು ಆಗಸ್ಟ್ ಹದಿನೈದರಂದು, ಚಳ್ಳಕೆರೆಯ ನಮ್ಮ ಶಾಲೆಯಲ್ಲಿ ಮಕ್ಕಳು, ಪೋಷಕರು, ಊರಿನ ವರ್ತಕರು ಎಲ್ಲ ಸೇರಿದ್ದಾಗ ಮೈಕು ತೆಗೆದುಕೊಂಡು, ಆವತ್ತು ನಾನಾಡಿದ್ದು ಸುಳ್ಳು, ಆ ಭಾಷಣ ಹೇಳಿಕೊಟ್ಟವಳು ನಾನೇ ಎಂದು ಹೇಳಿದೆ. ಮಾವನವರು ಇದ್ದಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ. ಹೇಳುತ್ತಿರಲಿಲ್ಲ ಎಂದೇ ತೋರುತ್ತದೆ. ಸಭೆಯಲ್ಲಿ ಕೆಲವರು ಎದ್ದು ಹೋದರು. ಹೆಡ್‌ಮಾಸ್ಟರು "ಟೈಮಾಯ್ತು ಮೇಡಂ" ಎಂದು ಎರಡು ಸಲ ಪಿಸುಗುಟ್ಟಿದರು. ನನ್ನ ಗಂಡ ಸಂಜೆ ಇಷ್ಟೇ ಕೇಳಿದರು: "ಈಗ್ಯಾಕೆ ಬೇಕಿತ್ತು?"

ಮರುದಿನವೇ ರಾಂಪುರಕ್ಕೆ ಹೋದೆ. ಏನೋ ಒಪ್ಪಿಸಲು ಹೋಗುವವಳ ಹಾಗೆ — ನನಗೇ ಗೊತ್ತಾಗದಂತೆ — ಸ್ವಲ್ಪ ಹಗುರಾಗಿ ಹೋದೆ. ಮಾಬುನ್ನಿ ಎಲ್ಲ ಕೇಳಿದಳು. ಯಂತ್ರ ನಿಲ್ಲಿಸಿ ಕೇಳಿದಳು.

"ನಮ್ಮಪ್ಪನ ಹೆಸರು ಹೇಳಿದ್ರಾ?"

ಹೇಳಿರಲಿಲ್ಲ. ಒಬ್ಬ ವಿದ್ಯಾರ್ಥಿನಿ, ಅವಳ ಅಜ್ಜಿ, ಅವಳ ತಂದೆ ಎಂದಿದ್ದೆ. ಅವಳಿಗೆ ಮತ್ತೆ ತೊಂದರೆಯಾಗದಿರಲಿ ಎಂದು ಬಿಟ್ಟೆ ಎಂದು ಹೇಳಲು ಬಾಯಿ ತೆರೆದೆ. ತೆರೆದು ಮುಚ್ಚಿದೆ. ನಾನು ಅವಳನ್ನು ಕೇಳಿಯೇ ಇರಲಿಲ್ಲ.

"ಹೆಸರು ಹೇಳ್ರಿ ಮೇಡಂ. ಅಜ್ಜೀದು, ಅಪ್ಪಂದು, ನಂದೂ. ನಮಗೇನು ನಾಚಿಕೆ ಐತೆ?" ಎಂದು ಅವಳು ಮತ್ತೆ ಹೊಲಿಗೆಗೆ ಬಗ್ಗಿದಳು.

ಹೊಳೆ ಆಚೆಯ ಆ ಬಾವಿಗೆ ಈವರೆಗೆ ದೊಡ್ಡವರು ಯಾರೂ ಹೋಗಿಲ್ಲ. ನಾನು ಹೋದರೆ ದೇಶ ಹೋದ ಹಾಗೆ ಆಗುವುದಿಲ್ಲ. ನನ್ನ ಪಾಲಿನದು ಇಷ್ಟಿದೆ, ಇದನ್ನು ಇಲ್ಲಿ ಅಚ್ಚಿನಲ್ಲಿ ಹೇಳುತ್ತಿದ್ದೇನೆ. ಮಾಬುನ್ನಿಯ ತಂದೆಯ ಹೆಸರು ಮೌಲಾಸಾಬ್. ಹುಸೇನಮ್ಮನ ಮಗ. ಹತ್ತಿ ಹಿಂಜುತ್ತಿದ್ದರು, ಹಾಸಿಗೆ ಹೊಲಿಯುತ್ತಿದ್ದರು. ಮಗಳಿಗೆ ಅವರು ಏನನ್ನೂ ಹೇಳಿಕೊಟ್ಟಿರಲಿಲ್ಲ.